ಎಕ್ಸಿಟ್ ಕೋಡ್‌ಗೆ ಯಾವ ಪದ್ಧತಿ ಹಿಡಿಯಬೇಕು? ಕಮಾಂಡ್ ಲೈನ್ ಟೂಲ್ ಬರೆಯುವವರಿಗೆ ಒಂದು ಹೋಲಿಕೆ

ಒಂದು ಕಮಾಂಡ್ ಮುಗಿಯುವಾಗ ತನ್ನನ್ನು ಕರೆದವರಿಗೆ ಕೊಟ್ಟುಹೋಗುವ ಅಂಕಿಯೇ ಎಕ್ಸಿಟ್ ಕೋಡ್: 0 ಎಂದರೆ ಕೆಲಸ ಆಯಿತು, ಬೇರೆ ಅಂಕಿ ಬಂದರೆ ಸಾಮಾನ್ಯವಾಗಿ ಸೋತಿತು ಎಂದರ್ಥ. ರಾತ್ರಿ ಹೊತ್ತು ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡುವ ಬ್ಯಾಕಪ್ ಸ್ಕ್ರಿಪ್ಟ್ ಒಂದಿದೆ ಅಂದುಕೊಳ್ಳಿ. ಅದರ ಕೆಲಸವೆಲ್ಲ ಒಂದೇ ಸಾಲಿನಲ್ಲಿದೆ: ಡೇಟಾಬೇಸಿನ ನಕಲು ತೆಗೆಯುವ ಪಿಜಿ_ಡಂಪ್ ಕೊಡುವುದನ್ನು ಪೈಪ್ ಮೂಲಕ (ಒಂದು ಕಮಾಂಡಿನ ಔಟ್‌ಪುಟ್ ಇನ್ನೊಂದರ ಇನ್‌ಪುಟ್ ಆಗುವ ಜೋಡಣೆ) ಕಂಪ್ರೆಸ್ ಮಾಡುವ ಜಿಜಿಪ್‌ಗೆ ದಾಟಿಸಿ ಫೈಲಿಗೆ ಬರೆಯುವುದು. ಡೇಟಾಬೇಸ್ ಪಾಸ್‌ವರ್ಡನ್ನು ಯಾರೋ ಬದಲಾಯಿಸಿದ್ದಾರೆ. ಒಳಗೆ ಹೋಗಲಾಗದ ಪಿಜಿ_ಡಂಪ್ 1 ಕೊಟ್ಟು ನಿಲ್ಲುತ್ತದೆ, ಅದರ ದೋಷದ ಸಾಲು ಯಾರೂ ತೆರೆಯದ ಲಾಗ್ ಫೈಲಿಗೆ ಸೇರುತ್ತದೆ. ಖಾಲಿ ಇನ್‌ಪುಟ್ ಪಡೆದ ಜಿಜಿಪ್ ಅದನ್ನೇ ಕಂಪ್ರೆಸ್ ಮಾಡಿ 20 ಬೈಟ್‌ನ ಫೈಲ್ ಇಟ್ಟು 0 ಕೊಡುತ್ತದೆ. ಕಮಾಂಡ್‌ಗಳನ್ನು ಓಡಿಸುವ ಶೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪೈಪಿನ ಕೊನೆಯ ಕಮಾಂಡಿನ ಕೋಡನ್ನು ಮಾತ್ರ. ಹಾಗಾಗಿ ಬ್ಯಾಕಪ್ ಆಯಿತು ಎಂದೇ ದಾಖಲಾಗುತ್ತದೆ. ಡೇಟಾ ಮರಳಿ ಬೇಕಾದ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಈ ಸಾಲಿಗೆ ಪೈಪ್‌ಫೇಲ್ ಎಂಬ ಶೆಲ್ ಆಪ್ಷನ್ ಹಾಕಿದರೆ ಸಾಕು, ಪೈಪಿನೊಳಗೆ ಯಾರು ಸೋತರೂ ಇಡೀ ಪೈಪ್ ಸೋತಂತೆ. ಬ್ಯಾಶ್ ಎಂಬ ಶೆಲ್‌ನಲ್ಲಿ ಬಹಳ ಕಾಲದಿಂದ ಇರುವ ಈ ಆಪ್ಷನ್, ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗೆಂದು ಇರುವ ಪಾಸಿಕ್ಸ್ ಸ್ಟ್ಯಾಂಡರ್ಡ್‌ನ 2024ರ ಆವೃತ್ತಿಗೂ ಸೇರಿದೆ. ಆದರೆ ಪೈಪ್‌ಫೇಲ್ ಉಪಯೋಗಕ್ಕೆ ಬರಬೇಕಾದರೆ ಪ್ರತಿ ಕಮಾಂಡೂ ಸೋತಾಗ ಸೋತೆ ಎಂದು ಸರಿಯಾಗಿ ಹೇಳಬೇಕು. ಒಂದು ತಂಡ ಹತ್ತಾರು ಸಣ್ಣ ಟೂಲ್ ಬರೆದಿಟ್ಟಿದ್ದು, ಒಂದು ಎಲ್ಲ ದೋಷಕ್ಕೂ 1 ಕೊಟ್ಟರೆ, ಇನ್ನೊಂದು -1 ಕೊಟ್ಟರೆ, ಮತ್ತೊಂದು ದೋಷ ಪ್ರಿಂಟ್ ಮಾಡಿ 0 ಕೊಟ್ಟರೆ, ಅವುಗಳನ್ನು ಜೋಡಿಸಿ ಸ್ಕ್ರಿಪ್ಟ್ ಬರೆಯುವವರ ಪಾಡು ಕಷ್ಟ. ಎಲ್ಲಕ್ಕೂ ಒಂದೇ ಪದ್ಧತಿ ತರಬೇಕು ಎಂದಾಗ ಮುಂದೆ ನಿಲ್ಲುವ ದಾರಿಗಳು ಐದು. ಅವುಗಳನ್ನು ತೂಗಲು ನಾನು ಕೇಳುವುದು ಒಂದೇ ಪ್ರಶ್ನೆ: ಈ ಕೋಡ್ ನೋಡಿದ ಪ್ರೋಗ್ರಾಂ ಮುಂದೆ ಬೇರೆ ಏನಾದರೂ ಮಾಡುತ್ತದೆಯೇ? ಮಾಡುತ್ತದೆ ಎಂದಾದರೆ ಅದಕ್ಕೊಂದು ಕೋಡ್ ಬೇಕು. ಇಲ್ಲವಾದರೆ ಆ ವಿವರ ಮೆಸೇಜಿನಲ್ಲಿರಲಿ.

ಮೊದಲು, ನಮ್ಮ ಕೈಯಲ್ಲಿಲ್ಲದ ಅಂಕಿಗಳು

ಲಿನಕ್ಸ್ ಮತ್ತು ಯುನಿಕ್ಸ್‌ಗಳಲ್ಲಿ ಶೆಲ್‌ಗೆ ಸಿಗುವ ಕೋಡ್ 8 ಬಿಟ್‌ನದು, ಅಂದರೆ 0ಯಿಂದ 255. ಅದಕ್ಕಿಂತ ದೊಡ್ಡದನ್ನು ಕೊಟ್ಟರೆ 256ರಿಂದ ಭಾಗಿಸಿ ಉಳಿದ ಶೇಷವಷ್ಟೇ ತಲುಪುತ್ತದೆ. -1 ಕೊಟ್ಟರೆ 255 ಆಗುತ್ತದೆ. ಕೆಟ್ಟ ಫೈಲ್‌ಗಳ ಎಣಿಕೆಯನ್ನೇ ಕೋಡ್ ಆಗಿ ಕೊಡೋಣ ಎಂಬ ಯೋಚನೆ ಅನೇಕರಿಗೆ ಬರುತ್ತದೆ. 255 ಫೈಲ್ ಕೆಡುವವರೆಗೆ ಅದು ಸರಿಯಾಗಿಯೇ ಇರುತ್ತದೆ, 256ನೆಯದು ಕೆಟ್ಟ ದಿನ ಟೂಲ್ 0 ಕೊಡುತ್ತದೆ. ವೆಬ್ ಸರ್ವರ್ ಕೊಡುವ ಎಚ್‌ಟಿಟಿಪಿ ಸ್ಟೇಟಸ್ಸನ್ನು ನೇರ ದಾಟಿಸುವುದೂ ಇದೇ ಜಾತಿಯ ತಪ್ಪು. 404 ಕೊಟ್ಟರೆ ಶೆಲ್‌ಗೆ ಕಾಣುವುದು 148.

ಆ 148ಕ್ಕೆ ಬೇರೆ ಅರ್ಥವೂ ಇದೆ. ಸಿಗ್ನಲ್‌ನಿಂದ (ಓಡುತ್ತಿರುವ ಪ್ರೋಗ್ರಾಂಗೆ ಹೊರಗಿನಿಂದ ಬರುವ ಸೂಚನೆ) ಸತ್ತ ಪ್ರೋಗ್ರಾಂಗೆ ಬ್ಯಾಶ್ ಮತ್ತು ಹೆಚ್ಚಿನ ಶೆಲ್‌ಗಳು 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿ ತೋರಿಸುತ್ತವೆ: ಕಂಟ್ರೋಲ್-ಸಿ ಒತ್ತಿದರೆ 130, ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಬಿದ್ದರೆ 137, ತನ್ನದಲ್ಲದ ಮೆಮೊರಿ ಮುಟ್ಟಿ ಸೆಗ್ಮೆಂಟೇಶನ್ ಫಾಲ್ಟ್ ಆದರೆ 139, ಮುಗಿಸು ಎನ್ನುವ ಸಿಗ್‌ಟರ್ಮ್ ಆದರೆ 143. ಕಂಟೇನರ್‌ಗಳಲ್ಲಿ ಕೆಲಸ ಮಾಡುವವರಿಗೆ 137 ಚೆನ್ನಾಗಿ ಪರಿಚಯ, ಮೆಮೊರಿ ಮಿತಿ ಮೀರಿದಾಗ ಕರ್ನಲ್ ಕೊಲ್ಲುವುದು ಹಾಗೆಯೇ. ಕಮಾಂಡ್ ಸಿಗದಿದ್ದರೆ 127, ಸಿಕ್ಕರೂ ಓಡಿಸಲು ಬಾರದಿದ್ದರೆ 126. ಟೈಮ್‌ಔಟ್ ಕಮಾಂಡ್ ಸಮಯ ಮುಗಿಯಿತು ಎನ್ನಲು 124 ಬಳಸುತ್ತದೆ, ತಾನೇ ಸೋತರೆ 125. ಡಾಕರ್ ರನ್ ಕೂಡ ತನ್ನ ಕಡೆಯ ಸೋಲಿಗೆ 125 ಕೊಡುತ್ತದೆ. ದೂರದ ಯಂತ್ರದಲ್ಲಿ ಕಮಾಂಡ್ ಓಡಿಸುವ ಎಸ್‌ಎಸ್‌ಎಚ್ ತನ್ನ ಸೋಲಿಗೆ 255 ಇಟ್ಟುಕೊಂಡಿದೆ, ಪಟ್ಟಿಯೊಂದನ್ನು ಓದಿ ಕಮಾಂಡ್ ಓಡಿಸುವ ಎಕ್ಸ್‌ಆರ್ಗ್ಸ್ ತಾನು ಓಡಿಸಿದ ಕಮಾಂಡ್ 255 ಕೊಟ್ಟರೆ ಉಳಿದ ಕೆಲಸವನ್ನೇ ಕೈಬಿಡುತ್ತದೆ. ನಿಮ್ಮ ಟೂಲ್ ದೂರದ ಯಂತ್ರದಲ್ಲಿ -1 ಕೊಟ್ಟಿತು ಅನ್ನಿ: ಈ ಕಡೆ ಕೂತವರಿಗೆ ನೆಟ್‌ವರ್ಕ್ ಕೆಟ್ಟಿತೋ ಟೂಲ್ ಕೆಟ್ಟಿತೋ ತಿಳಿಯುವ ದಾರಿಯೇ ಇಲ್ಲ. 1ರಿಂದ 123ರವರೆಗಿನದು ಮಾತ್ರ ನಿಮ್ಮದು ಎಂದು ಇಟ್ಟುಕೊಂಡರೆ ಈ ಗೊಂದಲ ಬರುವುದಿಲ್ಲ.

ದಾರಿ 1: ಬರೀ 0 ಮತ್ತು 1

ಆದರೆ 0, ಆಗದಿದ್ದರೆ 1. ಇದನ್ನು ಕಳಪೆ ಎಂದು ತಳ್ಳಿಹಾಕಬೇಡಿ. ಒಂದು ಕೆಲಸ ಮಾಡುವ, ಮನುಷ್ಯರೇ ಕೈಯಾರೆ ಓಡಿಸುವ ಟೂಲ್‌ಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಪೈಥಾನ್, ನೋಡ್, ಜಾವಾ ಮೂರರಲ್ಲೂ ಯಾರೂ ಹಿಡಿಯದ ಎಕ್ಸೆಪ್ಷನ್ ಕೊನೆಗೆ 1 ಆಗಿಯೇ ಹೊರಬರುತ್ತದೆ. ತೊಂದರೆ ಶುರುವಾಗುವುದು ಬೇರೊಂದು ಪ್ರೋಗ್ರಾಂ ಈ ಟೂಲನ್ನು ಮತ್ತೆ ಮತ್ತೆ ಓಡಿಸುವಾಗ. ಆಪ್ಷನ್ ಹೆಸರು ತಪ್ಪಾಗಿ ಟೈಪ್ ಆಗಿದ್ದರೂ 1, ಸರ್ವರ್ ಒಂದು ನಿಮಿಷ ಕೈಕೊಟ್ಟರೂ 1. ಮೊದಲನೆಯದನ್ನು ಸಾವಿರ ಸಲ ಓಡಿಸಿದರೂ ಪ್ರಯೋಜನವಿಲ್ಲ, ಎರಡನೆಯದನ್ನು ಇನ್ನೊಮ್ಮೆ ಓಡಿಸಿದರೆ ಸಾಕು. ಈ ವ್ಯತ್ಯಾಸ ಕರೆದವರಿಗೆ ಕಾಣುವುದಿಲ್ಲ.

ದಾರಿ 2: ಗ್ರೆಪ್ ಮಾದರಿಯ 0, 1, 2

ಫೈಲಿನಲ್ಲಿ ಪದ ಹುಡುಕುವ ಗ್ರೆಪ್ ಆ ಪದ ಸಿಕ್ಕರೆ 0, ಸಿಗದಿದ್ದರೆ 1, ಫೈಲ್ ತೆರೆಯಲಾಗದಂಥ ದೋಷವಿದ್ದರೆ 2 ಕೊಡುತ್ತದೆ. ಡಿಫ್‌ನಲ್ಲೂ ಹಾಗೆಯೇ: ಎರಡೂ ಫೈಲ್ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1, ಹೋಲಿಸಲು ಆಗದಿದ್ದರೆ 2. ಇಎಸ್‌ಲಿಂಟ್ ಕೂಡ ತಾನು ಪರೀಕ್ಷಿಸುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಂನಲ್ಲಿ ದೋಷ ಕಂಡರೆ 1 ಕೊಡುತ್ತದೆ, ತನ್ನ ಕಾನ್ಫಿಗ್ (ಸೆಟ್ಟಿಂಗ್) ಫೈಲೇ ಸರಿಯಿಲ್ಲದಿದ್ದರೆ 2. ಹೌದು-ಅಲ್ಲ ಎಂದು ಉತ್ತರ ಕೊಡುವ ಯಾವ ಟೂಲ್‌ಗೂ ಇದೇ ಸರಿಯಾದ ಪದ್ಧತಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 'ಇಲ್ಲ' ಎಂಬುದೂ ಒಂದು ಉತ್ತರ. ಅದನ್ನೂ 'ಉತ್ತರ ಹೇಳಲಾರೆ' ಎಂಬುದನ್ನೂ ಒಂದೇ ಅಂಕಿಗೆ ಸೇರಿಸಿದರೆ, ಓದಲಾಗದ ಫೈಲನ್ನು ನೋಡಿ ಅದರಲ್ಲಿ ತಪ್ಪೇ ಇಲ್ಲ ಎಂದು ತೀರ್ಮಾನಿಸುವ ಸ್ಕ್ರಿಪ್ಟ್‌ಗಳು ಹುಟ್ಟುತ್ತವೆ.

ಇದರ ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ಸ್ಕ್ರಿಪ್ಟಿನ ತಲೆಯಲ್ಲಿ 'ಸೆಟ್ -ಇ' ಹಾಕಿ, ಯಾವ ಕಮಾಂಡ್ ಸೋತರೂ ನಿಂತುಬಿಡು ಎಂದು ಹೇಳಿರುತ್ತೇವೆ. ಲಾಗ್‌ನಲ್ಲಿ ಎಷ್ಟು ಸಾಲಿನಲ್ಲಿ ದೋಷವಿದೆ ಎಂದು ಎಣಿಸಲು ಗ್ರೆಪ್‌ಗೆ -ಸಿ ಕೊಟ್ಟು ಬಂದ ಎಣಿಕೆಯನ್ನು ಒಂದು ವೇರಿಯಬಲ್‌ಗೆ ತುಂಬಿಕೊಳ್ಳುತ್ತೇವೆ. ದೋಷ ಒಂದೂ ಇಲ್ಲದ ಒಳ್ಳೆಯ ದಿನ ಗ್ರೆಪ್ ಸರಿಯಾಗಿ 0 ಎಂದು ಪ್ರಿಂಟ್ ಮಾಡುತ್ತದೆ, ಆದರೆ ಹೊಂದುವ ಸಾಲು ಸಿಗಲಿಲ್ಲವಾದ್ದರಿಂದ ಕೋಡ್ 1 ಕೊಡುತ್ತದೆ. ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಹೆಚ್ಚಿನವರು ಮಾಡುವ ಪರಿಹಾರ ಸಾಲಿನ ಕೊನೆಗೆ '|| ಟ್ರೂ' (ಸೋತರೂ ಗೆದ್ದಂತೆ ಎಣಿಸು) ಸೇರಿಸುವುದು. ಅದು 1ರ ಜೊತೆಗೆ 2ನ್ನೂ ನುಂಗಿಹಾಕುತ್ತದೆ, ಲಾಗ್ ಫೈಲೇ ಇಲ್ಲದಿದ್ದರೂ ಎಲ್ಲ ಚೆನ್ನಾಗಿದೆ ಎಂದಾಗುತ್ತದೆ. ಕೋಡನ್ನು ಹಿಡಿದು 'ಒಂದಕ್ಕಿಂತ ಹೆಚ್ಚಾದರೆ ನಿಲ್ಲು' ಎಂದು ಬರೆಯುವುದೇ ಸರಿ. ಎರಡು ಸಾಲು ಹೆಚ್ಚಾಗುತ್ತದೆ, ಆಗಲಿ.

ದಾರಿ 3: ಸಿಸ್‌ಎಕ್ಸಿಟ್ಸ್, 64ರಿಂದ 78

ಇದರ ಮೂಲ ಬಿಎಸ್‌ಡಿ ಯುನಿಕ್ಸ್‌ನ ಇಮೇಲ್ ವ್ಯವಸ್ಥೆ. ಮುಂದೆ ಸೆಂಡ್‌ಮೇಲ್ ಆದ ಎರಿಕ್ ಆಲ್ಮನ್ ಅವರ ಡೆಲಿವರ್‌ಮೇಲ್‌ಗಾಗಿ ಬಂದ, ಕೋಡ್‌ಗಳಿಗೆ ಹೆಸರಿಟ್ಟ ಹೆಡರ್ ಫೈಲ್ ಅದು. ಬಳಕೆಯ ತಪ್ಪಿಗೆ 64, ಡೇಟಾ ಕೆಟ್ಟಿದ್ದರೆ 65, ಇನ್‌ಪುಟ್ ಫೈಲ್ ಇಲ್ಲದಿದ್ದರೆ 66, ಸೇವೆ ಸಿಗದಿದ್ದರೆ 69, ಪ್ರೋಗ್ರಾಂನೊಳಗಿನ ದೋಷಕ್ಕೆ 70, ಓದು-ಬರಹದ ದೋಷಕ್ಕೆ 74, ತಾತ್ಕಾಲಿಕ ಸೋಲಿಗೆ 75, ಅನುಮತಿ ಇಲ್ಲದಿದ್ದರೆ 77, ಕಾನ್ಫಿಗ್ ತಪ್ಪಿದ್ದರೆ 78. ಒಟ್ಟು 15.

ಹುಟ್ಟಿದ ಮನೆಯಲ್ಲಿ ಇದು ಈಗಲೂ ಅಚ್ಚುಕಟ್ಟಾಗಿ ನಡೆಯುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಒಂದು ಇಮೇಲನ್ನು ನಿಮ್ಮ ಸ್ಕ್ರಿಪ್ಟ್‌ಗೆ ಕೊಟ್ಟಾಗ ಸ್ಕ್ರಿಪ್ಟ್ 75 ಕೊಟ್ಟರೆ ಮೇಲ್ ಸಾಲಿನಲ್ಲೇ ಉಳಿದು ಆಮೇಲೆ ಮತ್ತೆ ಪ್ರಯತ್ನವಾಗುತ್ತದೆ, 77 ಕೊಟ್ಟರೆ ಕಳಿಸಿದವರಿಗೆ ಮರಳಿ ಹೋಗುತ್ತದೆ. ಅಲ್ಲಿ ಕೋಡ್ ಓದುವ ಪ್ರೋಗ್ರಾಂ ಇದೆ, ಕೋಡಿಗೆ ತಕ್ಕಂತೆ ನಡೆಯುತ್ತದೆ. ಹೊರಗೆ ಆ ಓದುಗ ಇಲ್ಲ. 65ಕ್ಕೂ 66ಕ್ಕೂ ಬೇರೆ ಬೇರೆ ಕೆಲಸ ಮಾಡುವ ಸ್ಕ್ರಿಪ್ಟನ್ನು ನೀವು ಎಷ್ಟು ಸಲ ನೋಡಿದ್ದೀರಿ? ಅದರ ಮೇಲೆ, ಫೈಲ್ ಓದಲು ಅನುಮತಿ ಇಲ್ಲ ಎಂಬುದು 66ಕ್ಕೆ ಸೇರಬೇಕೋ 77ಕ್ಕೋ ಎಂಬ ಚರ್ಚೆ ಪ್ರತಿ ಕೋಡ್ ರಿವ್ಯೂನಲ್ಲೂ ಏಳುತ್ತದೆ. ಇದೇ ಪಟ್ಟಿ ಹಿಡಿದ ಇಬ್ಬರು ಡೆವಲಪರ್‌ಗಳು ಒಂದೇ ದೋಷಕ್ಕೆ ಎರಡು ಅಂಕಿ ಕೊಡುತ್ತಾರೆ, ಏಕರೂಪತೆ ಬೇಕೆಂದು ಹೊರಟವರಿಗೆ ಅದು ಸಿಗುವುದಿಲ್ಲ.

ಇನ್ನೊಂದು ಅಡ್ಡಿ 64. ಪೈಥಾನಿನ ಆರ್ಗ್‌ಪಾರ್ಸ್, ಗೋ ಭಾಷೆಯ ಫ್ಲ್ಯಾಗ್ ಪ್ಯಾಕೇಜ್, ರಸ್ಟ್‌ನ ಕ್ಲ್ಯಾಪ್, ಆಪ್ಷನ್‌ಗಳನ್ನು ಓದಿಕೊಡುವ ಈ ಮೂರೂ ಲೈಬ್ರರಿಗಳು ಬಳಕೆಯ ತಪ್ಪಿಗೆ ತಾವಾಗಿಯೇ 2 ಕೊಡುತ್ತವೆ. 64 ಬೇಕೆಂದರೆ ಪ್ರತಿ ಟೂಲ್‌ನಲ್ಲೂ ಲೈಬ್ರರಿಯ ನಡತೆಯನ್ನು ತಿದ್ದುತ್ತಾ ಕೂರಬೇಕು, ಹೊಸದಾಗಿ ತಂಡಕ್ಕೆ ಸೇರಿದವರು ಅದನ್ನು ಮರೆಯುತ್ತಾರೆ.

ದಾರಿ 4: ಸ್ವಂತ ಪಟ್ಟಿ

ವೆಬ್ ವಿಳಾಸದಿಂದ ಡೇಟಾ ತರುವ ಕರ್ಲ್‌ನ ಪಟ್ಟಿ ಇದಕ್ಕೆ ದೊಡ್ಡ ಉದಾಹರಣೆ. ಹೋಸ್ಟ್ ಹೆಸರು ಬಿಡಿಸಲಾಗದಿದ್ದರೆ 6, ಸಂಪರ್ಕವೇ ಆಗದಿದ್ದರೆ 7, ಸಮಯ ಮೀರಿದರೆ 28, ಸರ್ಟಿಫಿಕೇಟ್ ಪರಿಶೀಲನೆ ಸೋತರೆ 60. ಇವು ನಿಜಕ್ಕೂ ಉಪಯೋಗದ ಕೋಡ್‌ಗಳು: 28 ಬಂದರೆ ಇನ್ನೊಮ್ಮೆ ಪ್ರಯತ್ನಿಸಬಹುದು, 60 ಬಂದರೆ ಪ್ರಯತ್ನಿಸಲೇಬಾರದು. ಫೈಲ್‌ಗಳನ್ನು ನಕಲು ಮಾಡುವ ಆರ್‌ಸಿಂಕ್ ಕೂಡ ಹಾಗೆಯೇ. ನಕಲು ಮಾಡುವಷ್ಟರಲ್ಲಿ ಮೂಲ ಫೈಲ್ ಮಾಯವಾದರೆ 24 ಕೊಡುತ್ತದೆ. ಓಡುತ್ತಿರುವ ಸರ್ವರಿನ ಬ್ಯಾಕಪ್‌ನಲ್ಲಿ ಅದು ದಿನನಿತ್ಯದ ಮಾತು, ಹಾಗಾಗಿ ಅನೇಕ ಬ್ಯಾಕಪ್ ಸ್ಕ್ರಿಪ್ಟ್‌ಗಳು 24ನ್ನು ಯಶಸ್ಸೆಂದೇ ಎಣಿಸುತ್ತವೆ. ಕೆಲವು ಫೈಲ್ ನಕಲಾಗಲಿಲ್ಲ ಎನ್ನುವ 23ಕ್ಕೆ ಮಾತ್ರ ಎಚ್ಚರಿಸುತ್ತವೆ.

ಆದರೆ ಈ ಎರಡೂ ಟೂಲ್‌ಗಳನ್ನು ಜಗತ್ತಿನ ಎಲ್ಲ ಸ್ಕ್ರಿಪ್ಟ್‌ಗಳೂ ಕರೆಯುತ್ತವೆ, ದಶಕಗಳಿಂದ ಅವುಗಳ ಕೋಡ್ ಪಟ್ಟಿಯನ್ನು ಮ್ಯಾನ್ ಪೇಜಿನಲ್ಲಿ (ಕಮಾಂಡಿನ ಕೈಪಿಡಿ) ಕಾಪಾಡಿಕೊಂಡು ಬಂದವರಿದ್ದಾರೆ. ಒಮ್ಮೆ ಹೊರಬಿಟ್ಟ ಅಂಕಿಗೆ ಮತ್ತೆ ಬೇರೆ ಅರ್ಥ ಕೊಡುವಂತಿಲ್ಲ. ಆ ಜವಾಬ್ದಾರಿ ಹೊರಲು ನಿಮ್ಮ ತಂಡ ಸಿದ್ಧವಿದ್ದರೆ ಮಾತ್ರ ಈ ದಾರಿಗೆ ಬನ್ನಿ.

ದಾರಿ 5: ಬಿಟ್‌ಗಳ ಮೊತ್ತ

ಡಿಸ್ಕಿನ ಫೈಲ್ ವ್ಯವಸ್ಥೆ ಪರೀಕ್ಷಿಸುವ ಎಫ್‌ಎಸ್‌ಸಿಕೆಯಲ್ಲಿ ದೋಷ ಸರಿಪಡಿಸಿದರೆ 1, ಯಂತ್ರ ರೀಬೂಟ್ ಮಾಡಬೇಕಿದ್ದರೆ 2, ಸರಿಪಡಿಸದೆ ಉಳಿದದ್ದಿದ್ದರೆ 4. ಹಲವು ಒಟ್ಟಿಗೆ ಆದರೆ ಕೂಡಿಸಿ ಕೊಡುತ್ತದೆ, 3 ಬಂದರೆ ಸರಿಪಡಿಸಿದ್ದೇನೆ, ರೀಬೂಟ್ ಮಾಡು ಎಂದರ್ಥ. ವಿಂಡೋಸ್‌ನ ರೋಬೋಕಾಪಿಯೂ ಇದೇ ಪಂಗಡ, ಅಲ್ಲಿ ಫೈಲ್‌ಗಳು ಚೆನ್ನಾಗಿ ನಕಲಾದರೆ 1, ಸೋಲು ಶುರುವಾಗುವುದು 8ರಿಂದ. ಸೊನ್ನೆಯಲ್ಲದ್ದೆಲ್ಲ ಸೋಲು ಎಂದುಕೊಂಡ ಬಿಲ್ಡ್ ಸರ್ವರ್‌ನಲ್ಲಿ ರೋಬೋಕಾಪಿ ಹಾಕಿದವರು ಪ್ರತಿ ಯಶಸ್ವಿ ನಕಲಿಗೂ ಬಿಲ್ಡ್ ಬಿದ್ದದ್ದನ್ನು ನೋಡಿರುತ್ತಾರೆ. ಹೊಸ ಟೂಲ್‌ಗೆ ಇದು ಬೇಡ.

ಈ ಐದರ ಹೊರಗೆ, ಆಯ್ಕೆಯೇ ಇಲ್ಲದ ಸಂದರ್ಭಗಳೂ ಇವೆ. ಸರ್ವರ್‌ಗಳ ಮೇಲೆ ಕಣ್ಣಿಡುವ ನಾಗಿಯೋಸ್‌ಗೆ ಪ್ಲಗಿನ್ ಬರೆದರೆ 0, 1, 2, 3 ಕ್ರಮವಾಗಿ ಸರಿ, ಎಚ್ಚರಿಕೆ, ಗಂಭೀರ, ಗೊತ್ತಿಲ್ಲ. ಯಾವ ಕಮಿಟ್‌ನಿಂದ (ದಾಖಲಾದ ಬದಲಾವಣೆ) ದೋಷ ಬಂತೆಂದು ಹುಡುಕುವ ಗಿಟ್ ಬೈಸೆಕ್ಟ್ ರನ್‌ಗೆ ಸ್ಕ್ರಿಪ್ಟ್ ಕೊಟ್ಟರೆ 125 ಎಂದರೆ ಈ ಕಮಿಟ್ ಬಿಟ್ಟು ಮುಂದೆ ಹೋಗು. ಕರೆಯುವವರು ನಿಯಮ ಮಾಡಿಟ್ಟಿರುವಲ್ಲಿ ಅದನ್ನೇ ಪಾಲಿಸಬೇಕು.

ಹಾಗಾದರೆ ಯಾವುದು?

ತಂಡದೊಳಗಿನ ಟೂಲ್‌ಗಳಿಗೆ ನಾನು ಹೇಳುವುದು ನಾಲ್ಕೇ ಅಂಕಿ: 0, 1, 2, 75. ಕೆಲಸ ಮಾಡುವ ಟೂಲ್‌ಗಳಲ್ಲಿ 1 ಎಂದರೆ ಕೆಲಸ ಆಗಲಿಲ್ಲ, 2 ಎಂದರೆ ಕೊಟ್ಟ ಆಪ್ಷನ್ ಅಥವಾ ಕಾನ್ಫಿಗ್ ತಪ್ಪಿದೆ. ಪ್ರಶ್ನೆಗೆ ಉತ್ತರಿಸುವ ಟೂಲ್‌ಗಳಲ್ಲಿ 1 ಎಂದರೆ 'ಇಲ್ಲ', 2 ಎಂದರೆ ಉತ್ತರ ಹೇಳಲಾಗಲಿಲ್ಲ. ಎರಡೂ ಬಗೆಯಲ್ಲಿ 2 ಬಂದರೆ ಮನುಷ್ಯರು ನೋಡಬೇಕು. 75 ಮಾತ್ರ ಸಿಸ್‌ಎಕ್ಸಿಟ್ಸ್‌ನಿಂದ ಎರವಲು, ಏಕೆಂದರೆ 'ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸು' ಎಂದು ಹೇಳುವ ಅಂಕಿಯೊಂದು ನಿಜವಾಗಿ ಬೇಕು, ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಇರುವುದೂ ಅದಕ್ಕೇ.

ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಕರೆದವರ ಕಡೆ ಬೇರೆ ಕೆಲಸವಿದೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಸೋತರೆ ಮತ್ತೆ ಶುರು ಮಾಡು ಎಂದು ಬರೆದು, 2 ಬಂದರೆ ಮಾತ್ರ ಬೇಡ ಎಂದು 'ರೀಸ್ಟಾರ್ಟ್‌ಪ್ರಿವೆಂಟ್‌ಎಕ್ಸಿಟ್‌ಸ್ಟೇಟಸ್' ಸಾಲಿನಲ್ಲಿ ಹೇಳಬಹುದು. ಕಾನ್ಫಿಗ್ ತಪ್ಪಿದ ಸೇವೆ ಬಿದ್ದು ಎದ್ದು ಲಾಗ್ ತುಂಬಿಸುವುದು ಅಲ್ಲಿಗೆ ನಿಲ್ಲುತ್ತದೆ. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ನ ಜಾಬ್‌ನಲ್ಲೂ ಪಾಡ್ ಸೋಲಿನ ಪಾಲಿಸಿ ಬರೆದು, ಇಂಥ ಕೋಡ್ ಬಂದರೆ ಮರುಪ್ರಯತ್ನ ಬೇಡ, ಇಡೀ ಜಾಬನ್ನೇ ಸೋತದ್ದೆಂದು ನಿಲ್ಲಿಸು ಎನ್ನಲು ಬರುತ್ತದೆ.

ಗೋದಲ್ಲಿ ಬರೆಯುವವರು ಒಂದು ವಿಷಯ ಗಮನಿಸಬೇಕು. ಅಲ್ಲಿ ಪ್ಯಾನಿಕ್ (ಪ್ರೋಗ್ರಾಂ ನಡುವೆಯೇ ಕುಸಿಯುವುದು) ಆದರೂ 2 ಬರುತ್ತದೆ, ಹಾಗಾಗಿ ಪ್ರೋಗ್ರಾಂ ಕುಸಿದದ್ದಕ್ಕೂ ಬಳಕೆಯ ತಪ್ಪಿಗೂ ವ್ಯತ್ಯಾಸ ಉಳಿಯುವುದಿಲ್ಲ. ಓಎಸ್.ಎಕ್ಸಿಟ್ ಕರೆದರೆ ಕೊನೆಗೆ ಓಡಲೆಂದು ಡಿಫರ್ ಮಾಡಿಟ್ಟ ಯಾವುದೂ ಓಡುವುದಿಲ್ಲ, ತಾತ್ಕಾಲಿಕ ಫೈಲ್‌ಗಳು ಹಾಗೇ ಉಳಿಯುತ್ತವೆ. ಎಲ್ಲ ಕೆಲಸವನ್ನೂ ಒಂದು ಫಂಕ್ಷನ್‌ಗೆ ಹಾಕಿ ಅದು ಎರರ್ ಹಿಂದಿರುಗಿಸಲಿ, ಕೋಡ್ ಆರಿಸುವುದು ಮೇನ್‌ನ ಒಂದೇ ಜಾಗದಲ್ಲಿ ಆಗಲಿ. ಈ ಶಿಸ್ತು ಯಾವ ಭಾಷೆಗಾದರೂ ಒಳ್ಳೆಯದು.

ಕಾರಣ ಹೇಳುವುದು ಮೆಸೇಜಿನ ಕೆಲಸ

ನಾಲ್ಕೇ ಅಂಕಿ ಸಾಕು ಎಂದಾಗ ಬರುವ ಆಕ್ಷೇಪ, ವಿವರ ಕಳೆದುಹೋಗುತ್ತದಲ್ಲ ಎಂಬುದು. ಕಳೆಯಬೇಕಿಲ್ಲ. ರಸ್ಟ್ ಕಂಪೈಲರ್ ಕೊಡುವ ಎಷ್ಟೋ ದೋಷಗಳಿಗೆ ಇ0308, ಇ0382 ಎಂಬಂಥ ಸ್ಥಿರ ಹೆಸರಿದೆ, ಆದರೂ ಕಂಪೈಲ್ ಸೋತಾಗ ಅದರ ಎಕ್ಸಿಟ್ ಕೋಡ್ ಒಂದೇ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಯುನೀಕ್ ನಿಯಮ (ಒಂದೇ ಮೌಲ್ಯ ಎರಡು ಸಲ ಬರಬಾರದು) ಮುರಿದರೆ 23505 ಬರುತ್ತದೆ. ಅಪ್ಲಿಕೇಶನ್‌ಗಳು ಮೆಸೇಜಿನ ಪಠ್ಯ ನೋಡದೆ ಈ ಕೋಡ್ ನೋಡಬೇಕು, ಪಠ್ಯ ಭಾಷೆಗೆ ತಕ್ಕಂತೆ ಬದಲಾಗಬಹುದು ಎಂದು ಅದರ ದಾಖಲೆಗಳೇ ತಿಳಿಸುತ್ತವೆ.

ಕನ್ನಡದಲ್ಲಿ ಟೂಲ್ ಮಾಡುವವರಿಗೆ ಇದು ನೇರವಾಗಿ ತಟ್ಟುವ ಮಾತು. ದೋಷದ ಸಾಲನ್ನು ಕನ್ನಡದಲ್ಲಿ ಓದಲು ಬಯಸುವ ಬಳಕೆದಾರರಿಗೆ ಕನ್ನಡದಲ್ಲೇ ಕೊಡಬೇಕು. ಹಾಗೆ ಕೊಟ್ಟ ದಿನ ಇಂಗ್ಲಿಷ್ ಸಾಲನ್ನು ಗ್ರೆಪ್ ಮಾಡುತ್ತಿದ್ದ ಸ್ಕ್ರಿಪ್ಟ್‌ಗಳು ಕೆಡಬಾರದು. ಸ್ಟ್ಯಾಂಡರ್ಡ್ ಎರರ್‌ಗೆ (ದೋಷದ ಮೆಸೇಜಿಗೆಂದೇ ಇರುವ, ಔಟ್‌ಪುಟ್‌ನಿಂದ ಬೇರೆಯಾದ ದಾರಿ) ಹೋಗುವ ಸಾಲು ಹೀಗಿದ್ದರೆ ಇಬ್ಬರಿಗೂ ಆಗುತ್ತದೆ:

ಸಂಬಳಪಟ್ಟಿ: ದೋಷ ಎಸ್‌ಪಿ-014: ಮಾರ್ಚ್.ಸಿಎಸ್‌ವಿ, ಸಾಲು 212: ಖಾತೆ ಸಂಖ್ಯೆ ಖಾಲಿ ಇದೆ

ಮೊದಲು ಟೂಲ್ ಹೆಸರು, ಏಕೆಂದರೆ ಪೈಪಿನಲ್ಲಿ ಐದು ಟೂಲ್ ಇದ್ದಾಗ ಕೂಗಿದ್ದು ಯಾರು ಎಂದು ತಿಳಿಯಬೇಕು. ಆಮೇಲೆ ಎಂದೂ ಬದಲಾಗದ ದೋಷದ ಹೆಸರು, ಯಂತ್ರ ಹುಡುಕುವುದಕ್ಕೆ. ನಂತರ ಎಲ್ಲಿ, ಕೊನೆಗೆ ಏನು. 'ಅಮಾನ್ಯ ಇನ್‌ಪುಟ್' ಎಂದಷ್ಟೇ ಹೇಳಿ ಸಾವಿರ ಸಾಲಿನ ಫೈಲನ್ನು ಮನುಷ್ಯರ ಕೈಗೆ ಒಪ್ಪಿಸುವುದು ಸರಿಯಲ್ಲ. ಸಹಾಯ ಕೇಳಿ '--ಹೆಲ್ಪ್' ಕೊಟ್ಟಾಗ ಪಠ್ಯ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ, ಕೋಡ್ 0. ಆಪ್ಷನ್ ತಪ್ಪಿ ಅದೇ ಪಠ್ಯ ತೋರಿಸಬೇಕಾದಾಗ ಸ್ಟ್ಯಾಂಡರ್ಡ್ ಎರರ್‌ಗೆ, ಕೋಡ್ 2.

ಯಾವ ಪದ್ಧತಿ ಹಿಡಿದರೂ ಪರೀಕ್ಷಿಸಬೇಕಾದ ಮೂರು ಜಾಗ

ಟೂಲ್‌ನ ಔಟ್‌ಪುಟ್ ಅನ್ನು '/ಡೆವ್/ಫುಲ್'ಗೆ ತಿರುಗಿಸಿ ಓಡಿಸಿ. ಡಿಸ್ಕ್ ತುಂಬಿದೆ ಎಂದು ಸದಾ ಹೇಳುವ ಲಿನಕ್ಸ್ ಸಾಧನ ಅದು. ಬರೆದದ್ದು ಬಫರಿನಲ್ಲೇ (ಹೊರಹೋಗುವ ಮುನ್ನ ಕಾಯುವ ಮೆಮೊರಿ) ಇದ್ದು ಕೊನೆಯಲ್ಲಿ ಹೊರಹೋಗುವಾಗ ಸೋಲುವುದರಿಂದ ಎಷ್ಟೋ ಪ್ರೋಗ್ರಾಂಗಳು ಇಲ್ಲಿ 0 ಕೊಡುತ್ತವೆ. ಪೈಥಾನ್ 3.6ರಿಂದ ಈಚೆಗೆ ಇದನ್ನು ಗಮನಿಸಿ 120 ಕೊಡುತ್ತದೆ. ನಿಮ್ಮ ಪದ್ಧತಿಯಲ್ಲಿ 120 ಇಲ್ಲದಿದ್ದರೆ ಮುಗಿಯುವ ಮುನ್ನ ನೀವೇ ಫ್ಲಶ್ ಮಾಡಿ (ಬಫರಿನಲ್ಲಿದ್ದದ್ದನ್ನು ಹೊರಗೆ ಬರೆದು) ದೋಷ ಹಿಡಿಯಿರಿ.

ಎರಡನೆಯದು ಕಂಟ್ರೋಲ್-ಸಿ. ಸಿಗ್ನಲ್ ಹಿಡಿದು, ತಾತ್ಕಾಲಿಕ ಫೈಲ್ ಅಳಿಸಿ, 130 ಕೊಟ್ಟು ಹೊರಟರೆ ಆಯಿತು ಎಂದು ತೋರುತ್ತದೆ. ಆದರೆ ಬ್ಯಾಶ್ ಒಂದು ಲೂಪಿನೊಳಗೆ ನಿಮ್ಮ ಟೂಲನ್ನು ಓಡಿಸುತ್ತಿದ್ದರೆ, ಟೂಲ್ ಸಿಗ್ನಲ್‌ನಿಂದಲೇ ಸತ್ತಿತೇ ಎಂಬುದನ್ನು ನೋಡಿ ಲೂಪ್ ನಿಲ್ಲಿಸಬೇಕೋ ಬೇಡವೋ ತೀರ್ಮಾನಿಸುತ್ತದೆ. ಸ್ವಚ್ಛತೆ ಮುಗಿಸಿ, ಸಿಗ್ನಲ್‌ನ ಮೂಲ ನಡತೆಯನ್ನು ಮರಳಿಸಿ, ತನಗೆ ತಾನೇ ಅದೇ ಸಿಗ್ನಲ್ ಕಳಿಸಿಕೊಂಡು ಸಾಯುವುದೇ ಸರಿಯಾದ ಕ್ರಮ. ಇಲ್ಲದಿದ್ದರೆ ನೂರು ಫೈಲ್‌ನ ಲೂಪ್ ನಿಲ್ಲಿಸಲು ನೂರು ಸಲ ಒತ್ತಬೇಕಾಗುತ್ತದೆ.

ಮೂರನೆಯದು, ಮೊದಲ ಕೆಲವು ಸಾಲು ಮಾತ್ರ ತೋರಿಸುವ ಹೆಡ್‌ಗೆ ಪೈಪ್ ಮಾಡುವುದು. ಹೆಡ್ ಹತ್ತು ಸಾಲು ಓದಿ ಹೊರಟಾಗ ಮುಂದೆ ಬರೆಯಲು ಹೋದ ಟೂಲ್‌ಗೆ ಓದುವವರಿಲ್ಲ ಎನ್ನುವ ಸಿಗ್‌ಪೈಪ್ ಸಿಗ್ನಲ್ ಬೀಳುತ್ತದೆ, ಕೋಡ್ 141. ಪೈಪ್‌ಫೇಲ್ ಇದ್ದರೆ ಇಡೀ ಸಾಲೇ ಸೋತಂತೆ ಕಾಣುತ್ತದೆ. ಇದು ದೋಷವಲ್ಲ, ಸ್ಕ್ರಿಪ್ಟ್ ಅದನ್ನು ಬೇರೆಯಾಗಿಯೇ ನೋಡಬೇಕು. ಟೂಲ್ ಕಡೆಯಿಂದ ಆಗಬೇಕಾದ್ದು ಇಷ್ಟು: ಪೈಥಾನಿನ ಉದ್ದನೆಯ ಟ್ರೇಸ್‌ಬ್ಯಾಕ್ ಪರದೆಯ ಮೇಲೆ ಬೀಳದಂತೆ ಬ್ರೋಕನ್‌ಪೈಪ್ ಎಕ್ಸೆಪ್ಷನ್ ಹಿಡಿಯುವುದು.

ಈಗಾಗಲೇ ಬಳಕೆಯಲ್ಲಿರುವ ಟೂಲ್‌ಗೆ ಹೊಸ ಪದ್ಧತಿ ತರುವಾಗ ಆತುರ ಬೇಡ. ಹಳೆಯ 1 ಇದ್ದಲ್ಲಿ 75 ಬಂದರೆ '$?' (ಹಿಂದಿನ ಕಮಾಂಡಿನ ಕೋಡ್) ಒಂದಕ್ಕೆ ಸಮವೇ ಎಂದು ನೋಡುತ್ತಿದ್ದ ಸ್ಕ್ರಿಪ್ಟ್ ಅದನ್ನು ಯಶಸ್ಸೆಂದು ದಾಟಿಸಿಬಿಡುತ್ತದೆ. ಸೊನ್ನೆಯಲ್ಲದ್ದನ್ನು ಸೊನ್ನೆಯಲ್ಲದ್ದಕ್ಕೆ ಬದಲಿಸುವುದರಲ್ಲೂ ಈ ಅಪಾಯ ಇದೆ. ಸರ್ವರ್ ಮುಂತಾದವನ್ನು ಕಾನ್ಫಿಗ್ ಫೈಲ್‌ನಿಂದ ಸಿದ್ಧಪಡಿಸುವ ಟೆರಾಫಾರ್ಮ್ ತನ್ನ ಪ್ಲ್ಯಾನ್ ಕಮಾಂಡಿನಲ್ಲಿ ಬದಲಾವಣೆ ಇಲ್ಲ, ಬದಲಾವಣೆ ಇದೆ, ದೋಷ ಎಂಬ ಮೂರನ್ನು ಬೇರ್ಪಡಿಸಲು ಡೀಫಾಲ್ಟನ್ನು ಮುಟ್ಟಲಿಲ್ಲ. 'ಡೀಟೇಲ್ಡ್-ಎಕ್ಸಿಟ್‌ಕೋಡ್' ಎಂಬ ಆಪ್ಷನ್ ಕೊಟ್ಟವರಿಗೆ ಮಾತ್ರ ಕ್ರಮವಾಗಿ 0, 2, 1 ಬರುತ್ತದೆ. ಕರ್ಲ್ ಕೂಡ ಸರ್ವರ್ 404 ಕೊಟ್ಟರೂ ತಾನಾಗಿ 0 ಕೊಡುತ್ತದೆ, -ಎಫ್ ಹಾಕಿದರೆ 22. ಇದೇ ಜಾಡಿನಲ್ಲಿ ಮೊದಲ ಬಿಡುಗಡೆಯಲ್ಲಿ ಆಪ್ಷನ್ ಆಗಿ ಕೊಡಿ, ತಂಡದ ಸ್ಕ್ರಿಪ್ಟ್‌ಗಳನ್ನು ಒಂದೊಂದಾಗಿ ಅದಕ್ಕೆ ಒಗ್ಗಿಸಿ, ಮ್ಯಾನ್ ಪೇಜಿನ ಎಕ್ಸಿಟ್ ಸ್ಟೇಟಸ್ ಭಾಗದಲ್ಲಿ ನಾಲ್ಕೂ ಅಂಕಿಗಳನ್ನು ಬರೆಯಿರಿ. ಡೀಫಾಲ್ಟ್ ಬದಲಿಸುವುದು ಮುಂದಿನ ಮೇಜರ್ ವರ್ಷನ್‌ನಲ್ಲಿ ಆಗಲಿ.